ತಪ್ಪು ಅವಳದಲ್ಲ, ಪುಟದ್ದು

ಕಳೆದ ತಿಂಗಳು ಕಂಪ್ಯೂಟರ್ ಲ್ಯಾಬ್‌ನಲ್ಲಿ ರೆಕಾರ್ಡ್ ಮುಗಿಸುತ್ತಿದ್ದಾಗ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳು ಅಳುಮುಖ ಮಾಡಿಕೊಂಡು ಬಂದಳು. “ಅಕ್ಕಾ, ಅಲ್ಲಿದ್ದ ಹಾಗೇ ಟೈಪ್ ಮಾಡಿದ್ದೀನಿ, ಆದ್ರೂ ಎರರ್ ಬರ್ತಿದೆ. ಈ ಸಬ್ಜೆಕ್ಟ್ ನನ್ನ ಕೈಲಿ ಆಗಲ್ಲ ಅನ್ಸುತ್ತೆ” ಎಂದಳು.

ಅವಳ ಪ್ರೋಗ್ರಾಂ ನೋಡಿದೆ. ಹೆಸರನ್ನು ಕೇಳಿ ಪಡೆಯಲು ‘ರಾ_ಇನ್‌ಪುಟ್’ ಎಂದು ಬರೆದಿದ್ದಳು. ಅದು ಪೈಥಾನ್ 2ರ ಫಂಕ್ಷನ್. ನಮ್ಮ ಲ್ಯಾಬ್‌ನಲ್ಲಿರುವುದು ಪೈಥಾನ್ 3. ಅದರಲ್ಲಿ ಬರೀ ‘ಇನ್‌ಪುಟ್’ ಎನ್ನಬೇಕು. ಹುಡುಕಿದಾಗ ಮೊದಲು ಸಿಕ್ಕ ಪುಟವನ್ನು ಅವಳು ನಂಬಿದ್ದಳು. ಅದು ಯಾವ ಆವೃತ್ತಿಯದೆಂದು ಆ ಪುಟದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಪೈಥಾನ್ 2ಕ್ಕೆ ಅಧಿಕೃತ ಬೆಂಬಲ ನಿಂತದ್ದು 2020ರ ಜನವರಿ 1ರಂದು. ಆದರೂ ಹಳೆಯ ಪುಟಗಳು ಹುಡುಕಾಟದಲ್ಲಿ ಮೇಲೆ ಬರುವುದುಂಟು. ವರ್ಷಗಟ್ಟಲೆ ಅನೇಕರು ಅವುಗಳಿಗೆ ಲಿಂಕ್ ಕೊಟ್ಟಿರುತ್ತಾರೆ; ಸರ್ಚ್ ಎಂಜಿನ್ ಆ ಲಿಂಕ್‌ಗಳಿಗೂ ಬೆಲೆ ಕೊಡುತ್ತದೆ. ಎರರ್ ಬಂದರೆ ನಮ್ಮ ಪುಣ್ಯ, ಏನೋ ತಪ್ಪಿದೆ ಎಂದಾದರೂ ತಿಳಿಯುತ್ತದೆ. ಆದರೆ 7/2 ಎಂದು ಕೊಟ್ಟರೆ ಪೈಥಾನ್ 2 ಹೇಳುವುದು 3, ಪೈಥಾನ್ 3 ಹೇಳುವುದು 3.5. ಎರರ್ ಎರಡರಲ್ಲೂ ಇಲ್ಲ, ಉತ್ತರ ಮಾತ್ರ ಬೇರೆ.

ಹಾಗೆಂದು ಹಳೆಯ ಪುಟಗಳನ್ನು ಅಳಿಸಬೇಕಿಲ್ಲ. ಹಳೆಯ ಪ್ರೋಗ್ರಾಂಗಳನ್ನು ನೋಡಿಕೊಳ್ಳುವವರಿಗೆ ಅವು ಬೇಕು. ಬರೆದವರು ಮೂರು ಕೆಲಸ ಮಾಡಿದರೆ ಸಾಕು. ಒಂದು, ಪ್ರತಿ ಪುಟದ ಮೇಲ್ಭಾಗದಲ್ಲೇ ಆವೃತ್ತಿಯನ್ನು ಬರೆಯಬೇಕು. ಪೈಥಾನ್‌ನ ಅಧಿಕೃತ ಕೈಪಿಡಿ 2.7ರ ಪುಟಗಳಲ್ಲಿ ‘ಇದು ಹಳೆಯದು’ ಎಂದು ಎಚ್ಚರಿಸುತ್ತದೆ. ಎರಡು, ಹೊಸ ಆವೃತ್ತಿಯಲ್ಲಿ ಅದೇ ವಿಷಯವಿರುವ ಪುಟಕ್ಕೆ ನೇರ ಲಿಂಕ್ ಕೊಡಬೇಕು; ಮುಖಪುಟಕ್ಕೆ ಕಳಿಸಿದರೆ ಓದುಗ ಮತ್ತೆ ಮೊದಲಿನಿಂದ ಹುಡುಕಬೇಕು. ಮೂರು, ಒಂದೇ ಪುಟ ಹಲವು ಆವೃತ್ತಿಗಳಲ್ಲಿದ್ದರೆ ಯಾವುದನ್ನು ತೋರಿಸಬೇಕೆಂದು ‘ಕೆನಾನಿಕಲ್’ ಎಂಬ ಗುರುತಿನಿಂದ ಸರ್ಚ್ ಎಂಜಿನ್‌ಗೆ ಸೂಚಿಸಬೇಕು. ಈ ಗುರುತು 2009ರಿಂದಲೇ ಬಳಕೆಯಲ್ಲಿದೆ.

“ಓದುವವರೇ ನೋಡಿಕೊಳ್ಳಬೇಕು” ಎಂದು ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ಆವೃತ್ತಿ ಎಂಬುದೊಂದು ಇದೆಯೆಂದೇ ಗೊತ್ತಿಲ್ಲದ ಹೊಸಬರು ಏನನ್ನು ನೋಡಿಕೊಳ್ಳಬೇಕು? ಗೊತ್ತಿರುವವರೇ ಹೇಳಬೇಕು.

ಈ ಮಾತು ನಮಗೂ ಅನ್ವಯಿಸುತ್ತದೆ. ಸೀನಿಯರ್‌ಗಳ ನೋಟ್ಸ್ ವಾಟ್ಸಾಪ್‌ನಲ್ಲಿ ವರ್ಷದಿಂದ ವರ್ಷಕ್ಕೆ ಕೈ ಬದಲಾಗುತ್ತಿರುತ್ತದೆ. ಯಾವ ವರ್ಷದ್ದು, ಯಾವ ಪಠ್ಯಕ್ರಮದ್ದು ಎಂಬುದು ಅದರ ಮೇಲೆ ಇರುವುದಿಲ್ಲ. ಮುಂದೆ ನೋಟ್ಸ್ ಹಂಚುವಾಗ ಮೊದಲ ಸಾಲಿನಲ್ಲಿ ವರ್ಷ ಮತ್ತು ಆವೃತ್ತಿಯನ್ನು ಬರೆಯೋಣ. ಲ್ಯಾಬ್‌ನ ಗೋಡೆಯ ಮೇಲೂ ‘ಇಲ್ಲಿರುವುದು ಪೈಥಾನ್ 3’ ಎಂದೊಂದು ಚೀಟಿ ಅಂಟಿಸಬೇಕೆಂದು ನಮ್ಮ ಉಪನ್ಯಾಸಕರಲ್ಲಿ ವಿನಂತಿಸುತ್ತೇನೆ.

ಆ ದಿನ ‘ರಾ’ ಮತ್ತು ಅದರ ಮುಂದಿನ ಗೆರೆಯನ್ನು ಅಳಿಸಿದ ಕೂಡಲೇ ಅವಳ ಪ್ರೋಗ್ರಾಂ ರನ್ ಆಯಿತು. ಪಕ್ಕದಲ್ಲಿ ಕೇಳಲು ಯಾರೂ ಇರದಿದ್ದರೆ ಅವಳು ವಿಷಯವನ್ನೇ ಬಿಡುತ್ತಿದ್ದಳೇನೋ.