ಕೆರೆ ಗೋಡು ಮೊದಲು ಹೊಲಕ್ಕೆ ಹೋಗಲಿ

ಸುಗ್ಗಿ ಮುಗಿದು ಶಿವರಾತ್ರಿ ಕಳೆದರೆ ಒಣಬೇಸಾಯದವನಿಗೆ ಕೆಲಸವೇ ಇಲ್ಲ ಅಂತ ಪೇಟೆ ಕಡೆಯವರು ತಿಳಿದಿದ್ದಾರೆ. ಫಾಲ್ಗುಣ, ಚೈತ್ರದಲ್ಲಿ ನಮ್ಮ ತುಮಕೂರು ಸೀಮೆಯ ಹಳ್ಳಿಗೆ ಬಂದು ನೋಡಲಿ. ಬಿಸಿಲೇರುವ ಮೊದಲೇ ಗಂಡಸರು ಹುಣಸೆ ಮರ ಹತ್ತಿ ಬಡಿಯುತ್ತಾರೆ. ಮಧ್ಯಾಹ್ನವೆಲ್ಲ ಹೆಂಗಸರು ಜಗುಲಿ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಾರೆ. ತಿಪ್ಪೆಗೊಬ್ಬರ ಸಾಗಿಸಬೇಕು, ಒಡೆದ ಬದು ಕಟ್ಟಬೇಕು, ಹುಲ್ಲಿನ ಬಣವೆ ಮಳೆಗಾಲದ ತನಕ ಬರುತ್ತದೋ ಇಲ್ಲವೋ ಲೆಕ್ಕ ಹಾಕಬೇಕು. ನಡುವೆ ಊರಹಬ್ಬ, ಮದುವೆ, ನೆಂಟರು.

ಇಷ್ಟರ ಜೊತೆಗೆ ನಮ್ಮಪ್ಪನ ಕಾಲದಲ್ಲಿ ಬೇಸಿಗೆಯ ದೊಡ್ಡ ಕೆಲಸ ಅಂದರೆ ಗೋಡು ಹೊಡೆಯೋದು. ಕೆರೆ ಅಂಗಳ ಒಣಗಿ ಬಿರುಕು ಬಿಟ್ಟ ಕೂಡಲೇ ಗಾಡಿ ಕಟ್ಟುತ್ತಿದ್ದರು. ಎತ್ತಿಲ್ಲದವನು ಗಾಡಿ ಇದ್ದವನ ಹೊಲದಲ್ಲಿ ಎರಡು ದಿನ ದುಡಿದು ಒಂದು ದಿನದ ಗಾಡಿ ಪಡೆಯುತ್ತಿದ್ದ. ಭರಣಿ ಮಳೆ ಬೀಳುವಷ್ಟರಲ್ಲಿ ಪ್ರತಿ ಮನೆಯವರ ಹೊಲದಲ್ಲೂ ಕಪ್ಪು ಗುಡ್ಡೆಗಳು ಸಾಲಾಗಿ ಇರುತ್ತಿದ್ದವು. ಯಾರೂ ಬಿಲ್ಲು ಬರೆಯಲಿಲ್ಲ, ಕೆರೆ ಹೂಳು ತಾನಾಗಿ ಖಾಲಿಯಾಗುತ್ತಿತ್ತು.

ಈಗ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಹಾಗಂತ ಕೆರೆಯಿಂದ ಮಣ್ಣು ಹೋಗುವುದು ನಿಂತಿಲ್ಲ, ಮೊದಲಿಗಿಂತ ಜೋರಾಗಿಯೇ ಹೋಗುತ್ತಿದೆ. 2023ರ ಬರದಲ್ಲಿ ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಸರ್ಕಾರವೇ ಹೇಳಿತು. ಮುಂದಿನ ಬೇಸಿಗೆಯಲ್ಲಿ ನಮ್ಮ ಕೆರೆ ಪೂರ್ತಿ ಒಣಗಿತು. ಗೋಡು ತೆಗೆಯಲು ಅಂಥ ಅನುಕೂಲ ಮತ್ತೆ ಸಿಗುವುದು ಕಷ್ಟ. ಆದದ್ದೇನು? ಹೊರಗಿನಿಂದ ಜೆಸಿಬಿ ಬಂತು, ರಾತ್ರಿ ಹಗಲು ಟಿಪ್ಪರ್ ಓಡಿತು, ಮಣ್ಣು ಇಟ್ಟಿಗೆ ಗೂಡಿಗೂ ಸೈಟು ತುಂಬುವುದಕ್ಕೂ ಹೋಯಿತು. ಕಾಗದದ ಮೇಲೆ ಮಾತ್ರ ‘ಹೂಳೆತ್ತುವ ಕಾಮಗಾರಿ’. ನಾವು ಕೇಳಿದರೆ ‘ಮಣ್ಣು ತಾನೇ, ಯಾರು ಒಯ್ದರೇನು, ಕೆರೆ ಆಳವಾದರೆ ನಿಮಗೇ ಒಳ್ಳೇದಲ್ವಾ’ ಅಂದರು.

ಯಾರು ಒಯ್ದರೂ ಒಂದೇ ಅಲ್ಲ. ಆ ಗೋಡು ಬಂದದ್ದು ಎಲ್ಲಿಂದ? ಮೇಲಿನ ನಮ್ಮ ಹೊಲಗಳಿಂದಲೇ. ಮಳೆ ಹೊಡೆತಕ್ಕೆ ಮೊದಲು ಕೊಚ್ಚಿಹೋಗುವುದು ಸಣ್ಣ ಜಿಗುಟು ಮಣ್ಣು. ಹೊಲದಲ್ಲಿ ಉಳಿಯುವುದು ಮರಳು, ಗರಸು. ಹೋದ ಮಣ್ಣನ್ನು ವಾಪಸು ತರುವುದೇ ಗೋಡು ಹೊಡೆಯೋದು. ನನ್ನ ಒಂದೂವರೆ ಎಕರೆ ಕೆಮ್ಮಣ್ಣಿನಲ್ಲಿ ಅರ್ಧಕ್ಕೆ ಗೋಡು ಬಿದ್ದಿದೆ, ಅರ್ಧಕ್ಕೆ ಇಲ್ಲ. ಶ್ರಾವಣದಲ್ಲಿ ಮಳೆ ಕೈಕೊಟ್ಟಾಗ ಬರೀ ಕೆಮ್ಮಣ್ಣಿನ ರಾಗಿ ಹತ್ತು ದಿನಕ್ಕೆ ಗರಿ ಸುರುಳಿ ಹಾಕಿತು. ಗೋಡಿನ ಕಡೆಯದು ಇನ್ನೊಂದು ವಾರ ತಡೆಯಿತು. ಒಣಬೇಸಾಯದಲ್ಲಿ ಆ ಒಂದು ವಾರವೇ ಬೆಳೆ, ಆ ಒಂದು ವಾರವೇ ಸಾಲ.

ಲೆಕ್ಕ ನೋಡಿ. ಒಂದು ಎಕರೆ ಅಂದರೆ 43,560 ಚದರಡಿ. ಅರ್ಧ ಅಂಗುಲ ದಪ್ಪ ಹರಡಲು ಸುಮಾರು 1,815 ಘನ ಅಡಿ ಬೇಕು. ಟ್ರ್ಯಾಕ್ಟರ್ ಟ್ರೈಲರಿಗೆ 100 ಘನ ಅಡಿ ಹಿಡಿದರೆ 18 ಲೋಡು. ನಮ್ಮಲ್ಲಿ ಲೋಡಿಗೆ 500 ರೂಪಾಯಿಯಂತೆ 9,000 ಆಯಿತು. 2024-25ರ ರಾಗಿ ಬೆಂಬಲ ಬೆಲೆ ಕ್ವಿಂಟಾಲಿಗೆ 4,290 ಇತ್ತು. ಅಂದರೆ ಎರಡು ಕ್ವಿಂಟಾಲಿಗಿಂತ ಸ್ವಲ್ಪ ಹೆಚ್ಚು ರಾಗಿಯ ಹಣ. ಒಂದು ಸಲ ಹಾಕಿದ್ದು ನಾಕಾರು ವರ್ಷ ಕೆಲಸ ಮಾಡುತ್ತದೆ. ಆದರೆ ಸುಗ್ಗಿ ಮುಗಿದ ಮೇಲೆ ಒಂದೇ ಸಲಕ್ಕೆ ಒಂಬತ್ತು ಸಾವಿರ ಎತ್ತುವುದು ಎರಡು ಎಕರೆಯವನಿಗೆ ಸುಲಭವಲ್ಲ. ಇಟ್ಟಿಗೆ ಗೂಡಿನವರಿಗೆ ಅದು ಲೆಕ್ಕಕ್ಕೇ ಇಲ್ಲ.

ಪಕ್ಕದ ರಾಜ್ಯಗಳಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ತೆಲಂಗಾಣದಲ್ಲಿ 2015ರಲ್ಲಿ ಶುರುವಾದ ಮಿಷನ್ ಕಾಕತೀಯದಲ್ಲಿ ಅಗೆಯುವ ಖರ್ಚು ಸರ್ಕಾರದ್ದಾಗಿತ್ತು, ಹೊಲಕ್ಕೆ ಸಾಗಿಸುವುದು ರೈತನದಾಗಿತ್ತು. ಮಹಾರಾಷ್ಟ್ರದಲ್ಲಿ 2017ರಲ್ಲಿ ತಂದ ಯೋಜನೆಯ ಹೆಸರಲ್ಲೇ ಅಣೆಕಟ್ಟಿನ ಹೂಳು ಹೊಲಕ್ಕೆ ಅಂತಿದೆ. ನಮ್ಮಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಅಂತ ಭಾಷಣದಲ್ಲಿ ಕೇಳುತ್ತೇವೆ, ಅವುಗಳ ಗೋಡಿನಲ್ಲಿ ಮೊದಲ ಹಕ್ಕು ಯಾರದು ಅನ್ನುವುದನ್ನು ಯಾರೂ ಹೇಳುವುದಿಲ್ಲ. ನಾನು ಕೇಳುವುದು ಇಷ್ಟೇ. ಶಿವರಾತ್ರಿಯೊಳಗೆ ಗ್ರಾಮಸಭೆ ಕೂರಲಿ. ಗೋಡು ಬೇಕಾದ ಸಣ್ಣ ರೈತರ ಪಟ್ಟಿ ಮೊದಲು ಬರೆಯಲಿ, ಅವರದು ಮುಗಿದ ಮೇಲೆ ಉಳಿದವರಿಗೆ. ಜೆಸಿಬಿ ಬೇಡ ಅಂತ ನಾನು ಹೇಳೋಲ್ಲ. ಗುದ್ದಲಿ ಹಿಡಿಯುವವರು ಈಗ ಊರಲ್ಲಿ ಎಷ್ಟು ಜನ ಇದ್ದಾರೆ?

ಅಗೆಯುವುದಕ್ಕೂ ಒಂದು ಮಿತಿ ಬೇಕು. ಹೂಳಿನ ಪದರ ತೆಗೆದು ನಿಲ್ಲಿಸಬೇಕು. ಇಟ್ಟಿಗೆಯವರು ಹತ್ತು ಹನ್ನೆರಡು ಅಡಿ ಗುಂಡಿ ತೋಡಿ ಹೋಗುತ್ತಾರೆ. ಮೊದಲ ನೀರೆಲ್ಲ ಆ ಗುಂಡಿಗೇ ಸೇರುತ್ತದೆ, ತೂಬಿನ ಮಟ್ಟಕ್ಕೆ ಏರುವುದಿಲ್ಲ. ದನ ಕುರಿ ಇಳಿಯಲಾರವು. ರಜೆಯಲ್ಲಿ ಈಜಲು ಹೋದ ಹುಡುಗರು ಇಂಥ ಗುಂಡಿಯಲ್ಲಿ ಮುಳುಗಿದ ಸುದ್ದಿ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಏರಿಯ ಬುಡಕ್ಕಂತೂ ಯಾರೂ ಕೈ ಹಾಕಬಾರದು.

ಈ ಸಲ ಹೊಡೆಸುವವರಿಗೆ ಎರಡು ಮಾತು. ನೀರು ಬರುವ ಹಳ್ಳದ ಬಾಯಲ್ಲಿ ಇರುವುದು ಮರಳು, ಒಳ್ಳೆ ಗೋಡು ಕೆರೆಯ ತಗ್ಗಿನ ಕಡೆ ಸಿಗುತ್ತದೆ. ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದರೆ ಬತ್ತಿಯಾಗಬೇಕು. ಮೇಲೆ ಬಿಳಿ ಉಪ್ಪು ಕಟ್ಟಿದ್ದರೆ ಬೇಡ. ಪೇಟೆಯ ಚರಂಡಿ ನೀರು ಸೇರುವ ಕೆರೆಯದೂ ಬೇಡ. ಎರೆಭೂಮಿಗೆ ಇದರ ಅಗತ್ಯವಿಲ್ಲ. ಗುಡ್ಡೆಯಾಗಿ ಬಿಡದೆ ತೆಳ್ಳಗೆ ಹರಡಿ. ಬಿಸಿಲಿಗೆ ಕಾದ ಹೆಂಟೆ ಮೊದಲ ಮಳೆಗೆ ತಾನೇ ಅರಳುತ್ತದೆ, ಆಮೇಲೆ ಕುಂಟೆ ಹೊಡೆದರೆ ಸಾಕು.

ಅಚ್ಚುಕಟ್ಟು 40 ಹೆಕ್ಟೇರಿನೊಳಗಿದ್ದರೆ ಕೆರೆ ಪಂಚಾಯ್ತಿ ಕಡೆಗೆ, ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆಗೆ ಸೇರುತ್ತದೆ. ಅರ್ಜಿ ಅಲ್ಲಿಗೇ ಹೋಗಬೇಕು. ನಮ್ಮೂರಲ್ಲಿ ಹದಿನಾಲ್ಕು ಜನ ಸಹಿ ಹಾಕಿ ಕೊಟ್ಟಿದ್ದೇವೆ, ಸ್ವೀಕೃತಿ ಪಡೆದಿದ್ದೇವೆ. ಸಭೆ ಇನ್ನೂ ಕರೆದಿಲ್ಲ. ಕೆರೆ ಅಂಗಳ ಆಗಲೇ ಬಿರುಕು ಬಿಟ್ಟಿದೆ.