ಮುಖವಾಡಕ್ಕೆ ಒಪ್ಪದ ಹೀರೋಗಳು

ಮಲಯಾಳದ ‘ಲೋಕಾ’ ಚಿತ್ರದ ಒಂದು ಮಾತಿಗೆ ಕತ್ತರಿ ಹಾಕುವುದಾಗಿ 2025ರಲ್ಲಿ ಅದರ ನಿರ್ಮಾಪಕರು ಹೇಳಿದರು. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಖಳ ಪೊಲೀಸ್ ಅಧಿಕಾರಿ ಆಡುವ ಆ ಮಾತಿಗಾಗಿ ನಿರ್ಮಾಣ ಸಂಸ್ಥೆ ವೇಫೇರರ್ ಫಿಲ್ಮ್ಸ್ ಕ್ಷಮೆ ಕೇಳಿತು; ನಮ್ಮವರು ಗೆದ್ದ ಸಂಭ್ರಮದಲ್ಲಿದ್ದರು. ಮಾತು ಕೆಟ್ಟದ್ದೇ, ಹೋಗಬೇಕಾದದ್ದೇ. ಆದರೆ ಆ ಒಂದು ಮಾತಿಗೆ ಕೆಂಡವಾದವರಿಗೆ ಉಳಿದ ಎರಡೂವರೆ ಗಂಟೆ ಕಣ್ಣಿಗೇ ಬೀಳಲಿಲ್ಲವೆ? ಕೇರಳದ ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯನ್ನು ಇಂದಿನ ಬೆಂಗಳೂರಿಗೆ ಕರೆತಂದು, ರಾತ್ರಿ ಪಾಳಿಯ ಕೆಲಸಕ್ಕೆ ಹಚ್ಚಿ, ಸೂಪರ್ ಹೀರೋ ಮಾಡಿ ನಿಲ್ಲಿಸಿದ್ದಾರೆ ನಿರ್ದೇಶಕ ಡೊಮಿನಿಕ್ ಅರುಣ್. ಬಿಡುಗಡೆಯಾದ ವಾರದಲ್ಲೇ ನೂರು ಕೋಟಿ ಮುಟ್ಟಿತೆಂದು ವರದಿಗಳು ಹೇಳಿದವು. ಊರು ನಮ್ಮದು, ಸೂಪರ್ ಹೀರೋ ಅವರದು. ನಮ್ಮ ಗಾಂಧಿನಗರಕ್ಕೆ ನಿಜವಾಗಿ ಅವಮಾನವಾಗಬೇಕಾದದ್ದು ಇದರಿಂದ.

ಕನ್ನಡ ಸಿನಿಮಾಕ್ಕೆ ಬೆಂಗಳೂರು ಎಂದರೆ ಇಂದಿಗೂ ಮಚ್ಚು, ಲಾಂಗು. 1995ರ ‘ಓಂ’ ಹಾಕಿದ ದಾರಿಯಲ್ಲೇ 2005ರ ‘ಜೋಗಿ’ ನಡೆಯಿತು, 2007ರ ‘ದುನಿಯಾ’ ನಡೆಯಿತು. ಅವು ಒಳ್ಳೆಯ ಚಿತ್ರಗಳು, ತಕರಾರಿಲ್ಲ. ಆದರೆ ಅವುಗಳ ನೆರಳಲ್ಲಿ ಬಂದ ಲೆಕ್ಕವಿಲ್ಲದಷ್ಟು ಚಿತ್ರಗಳು ನಗರವನ್ನು ಮಾರ್ಕೆಟ್ಟು, ಬಾರು, ಕೋರ್ಟಿನ ಆವರಣಗಳಿಗೆ ಇಳಿಸಿಬಿಟ್ಟವು. ಹಳ್ಳಿಯಿಂದ ಬಂದ ಮುಗ್ಧ ಹುಡುಗ ರೌಡಿಯಾಗುವುದು ಬಿಟ್ಟರೆ ಈ ಊರಿನಲ್ಲಿ ಬೇರೇನೂ ಆಗುವುದೇ ಇಲ್ಲವೇನೋ ಎಂಬಂತೆ. ಈ ಮೂವತ್ತು ವರ್ಷಗಳಲ್ಲಿ ಊರು ಹೊರಕ್ಕೆ ಬೆಳೆದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂಬ ಬೇರೆಯದೇ ಲೋಕಗಳಾದವು. ನಮ್ಮ ಕ್ಯಾಮೆರಾ ಅಲ್ಲಿಗೆ ಹೋದದ್ದೇ ಹೆಚ್ಚಾಗಿ ಗಾಜಿನ ಕಟ್ಟಡಗಳ ಮುಂದೆ ನಾಯಕ ನಾಯಕಿಯನ್ನು ಕುಣಿಸಲು. ಆ ಕಟ್ಟಡಗಳ ಒಳಗೆ ಲಕ್ಷಾಂತರ ಜನ ಏನು ಮಾಡುತ್ತಾರೆ ಎಂಬ ಕುತೂಹಲ ನಮ್ಮ ಕಥೆಗಾರರಿಗೆ ಹುಟ್ಟಿದಂತಿಲ್ಲ.

ಪೀಣ್ಯವನ್ನೇ ನೋಡಿ. ಲೇತು, ಪ್ಲೇಟಿಂಗ್, ಪ್ರೆಸ್ಸುಗಳ ಆ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಭಾರತದ ಮೊದಲ ಉಪಗ್ರಹ ‘ಆರ್ಯಭಟ’ ತಯಾರಾಯಿತು. ಉಡುಪಿ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಅದರ ನೇತೃತ್ವ ವಹಿಸಿದ್ದರು. ಸುಮಾರು 360 ಕೆಜಿ ತೂಕದ ಅದು 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಕಕ್ಷೆಗೆ ಹಾರಿತು. ಅದರ ಸಂಕೇತಗಳನ್ನು ಹಿಡಿಯಲು ಬೆಂಗಳೂರಿನ ಒಂದು ಶೌಚಾಲಯವನ್ನೇ ಕೇಂದ್ರವಾಗಿ ಮಾರ್ಪಡಿಸಿದ್ದನ್ನು ಇಸ್ರೊದ ಹಳಬರು ನಗುತ್ತಲೇ ಹೇಳಿಕೊಂಡಿದ್ದಾರೆ. ಇದಕ್ಕಿಂತ ಒಳ್ಳೆಯ ಚಿತ್ರಕಥೆಯನ್ನು ಕುಳಿತು ಕಟ್ಟಲಾದೀತೆ? 2023ರ ಆಗಸ್ಟ್ 23ರಂದು ಚಂದ್ರಯಾನ–3 ಇಳಿದಾಗ ದೇಶ ಉಸಿರು ಬಿಗಿಹಿಡಿದು ನೋಡಿದ ನಿಯಂತ್ರಣ ಕೊಠಡಿ ಇದ್ದದ್ದೂ ಪೀಣ್ಯದ ಇಸ್ರೊ ಕೇಂದ್ರ ಇಸ್ಟ್ರಾಕ್‌ನಲ್ಲೇ. ಬೆಂಗಳೂರಿನ ಇಸ್ರೊ ವಿಜ್ಞಾನಿಗಳ ಮಂಗಳಯಾನ 2019ರಲ್ಲಿ ಹಿಂದಿಯ ‘ಮಿಷನ್ ಮಂಗಲ್’ ಆಯಿತು. ಆರ್ಯಭಟಕ್ಕೆ 2025ರಲ್ಲಿ ಐವತ್ತು ತುಂಬಿತು; ಗಾಂಧಿನಗರಕ್ಕೂ ಪೀಣ್ಯಕ್ಕೂ ನಡುವೆ ಮೆಟ್ರೊ ಓಡಾಡುತ್ತಿದ್ದರೂ ಯಾರೂ ಆ ಕಡೆಗೆ ಹತ್ತಲಿಲ್ಲ. ಉಪಗ್ರಹ ಬೇಡವೆ, ಕೆರೆ ತೆಗೆದುಕೊಳ್ಳಿ. ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನು, ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿ ಸವಾರರ ಮೈಮೇಲೆ ಬಿದ್ದದ್ದನ್ನು ಇಡೀ ಜಗತ್ತು ನೋಡಿದೆ. ಅಮೆರಿಕದ ಕಾಮಿಕ್ಸ್ ಬರೆಯುವವರು 1962ರಲ್ಲಿ ವಿಕಿರಣ ತಗುಲಿದ ಒಂದು ಜೇಡದಿಂದ ಸ್ಪೈಡರ್‌ಮ್ಯಾನ್‌ನನ್ನು ಹುಟ್ಟಿಸಿದರು. ನಮಗೆ ನೀರೇ ಹೊತ್ತಿ ಉರಿದರೂ ಒಂದು ಕಥೆ ಹೊಳೆಯಲಿಲ್ಲ.

ದುಡ್ಡೆಲ್ಲಿದೆ ಎನ್ನುವುದು ಮೊದಲ ಆಕ್ಷೇಪ. ‘ಲೋಕಾ’ಗೆ ಆದ ಖರ್ಚು ಸುಮಾರು 30 ಕೋಟಿ ಎಂದು ವರದಿಯಾಗಿದೆ. ನಮ್ಮಲ್ಲಿ ನಾಯಕನ ಪರಿಚಯದ ಹಾಡು, ಎರಡು ಹೊಡೆದಾಟ, ಒಂದು ವಿದೇಶ ಪ್ರವಾಸ ಸೇರಿಸಿ ಅಷ್ಟನ್ನು ಸಲೀಸಾಗಿ ಕರಗಿಸುವ ನಿರ್ಮಾಪಕರಿದ್ದಾರೆ. ಅದಕ್ಕೂ ಗತಿಯಿಲ್ಲ ಎಂದರೆ, 2013ರಲ್ಲಿ ಪವನ್ ಕುಮಾರ್ ಜನರಿಂದಲೇ ಹಣ ಕೂಡಿಸಿ, ಒಂದು ಮಾತ್ರೆ ಮತ್ತು ಒಂದು ಕನಸನ್ನು ನಂಬಿ ‘ಲೂಸಿಯಾ’ ಮಾಡಲಿಲ್ಲವೆ? ತಂತ್ರಜ್ಞಾನ ಬೇಕಲ್ಲ ಎನ್ನುವುದು ಇನ್ನೊಂದು ಆಕ್ಷೇಪ, ಮೊದಲನೆಯದಕ್ಕಿಂತ ಹಾಸ್ಯಾಸ್ಪದ. ಹಾಲಿವುಡ್ಡಿನ ದೊಡ್ಡ ದೊಡ್ಡ ಚಿತ್ರಗಳ ಗ್ರಾಫಿಕ್ಸ್ ಕೆಲಸ ವರ್ಷಗಟ್ಟಲೆ ನಡೆದದ್ದು ಇದೇ ಬೆಂಗಳೂರಿನಲ್ಲಿ. 2025ರ ಫೆಬ್ರುವರಿಯಲ್ಲಿ ಗ್ರಾಫಿಕ್ಸ್ ಕಂಪನಿ ಟೆಕ್ನಿಕಲರ್ ಮುಚ್ಚಿದಾಗ ರಾತ್ರೋರಾತ್ರಿ ಕೆಲಸ ಕಳೆದುಕೊಂಡ ಭಾರತದ ಸಾವಿರಾರು ಕಲಾವಿದರಲ್ಲಿ ಹೆಚ್ಚಿನವರು ಇಲ್ಲಿಯವರೇ. ಅನಿಮೇಷನ್, ವಿಎಫ್‌ಎಕ್ಸ್‌ಗೆಂದೇ ಸರ್ಕಾರದ ನೀತಿಯೂ ಇದೆ. ಕೈಗಳಿವೆ, ಕಂಪ್ಯೂಟರುಗಳಿವೆ, ನೀತಿ ಇದೆ. ಕಥೆಯ ಜಾಗವೊಂದೇ ಖಾಲಿ.

ಖಾಲಿ ಯಾಕೆ ಎಂದರೆ, ವೈಜ್ಞಾನಿಕ ಕಥೆಗೂ ಸೂಪರ್ ಹೀರೋ ಕಥೆಗೂ ಒಂದು ನಿಯಮ ಬೇಕು. ನಾಯಕನಿಗೆ ಏನು ಸಾಧ್ಯ ಎಂಬುದಕ್ಕಿಂತ ಏನು ಅಸಾಧ್ಯ ಎಂಬುದರ ಮೇಲೆ ಕಥೆ ನಿಲ್ಲುತ್ತದೆ. ನೀಲಿಗೆ ಬಿಸಿಲು ಆಗದು. ಸೂಪರ್‌ಮ್ಯಾನ್‌ಗೆ ಕ್ರಿಪ್ಟೊನೈಟ್ ಆಗದು. ನಮ್ಮ ಮಾಸ್ ನಾಯಕನಿಗೆ ಆಗದು ಎಂಬುದೇ ಇಲ್ಲ. ‘ಕೆಜಿಎಫ್ ಚಾಪ್ಟರ್ 2’ರಲ್ಲಿ ರಾಕಿ ಪೊಲೀಸ್ ಠಾಣೆಯನ್ನೇ ಮೆಷಿನ್ ಗನ್ನಿನಿಂದ ಜಾಲಾಡಿ, ಕೆಂಪಗೆ ಕಾದ ನಳಿಗೆಗೆ ಸಿಗರೇಟು ಹಚ್ಚಿಕೊಂಡಾಗ ಚಿತ್ರಮಂದಿರ ಶಿಳ್ಳೆಯಲ್ಲಿ ಮುಳುಗಿತು. ಮಜವಾದ ದೃಶ್ಯವೇ. ಆದರೆ ಅಷ್ಟೆಲ್ಲ ಬರಿಯ ಸ್ಟೈಲಿನಿಂದ ಸಾಧ್ಯವಾಗುವವನಿಗೆ ಜೇಡ ಯಾಕೆ ಕಚ್ಚಬೇಕು, ಸಿಡಿಲು ಯಾಕೆ ಹೊಡೆಯಬೇಕು? ಎರಡನೆಯ ತೊಡಕು ಮುಖವಾಡದ್ದು. ಸೂಪರ್ ಹೀರೋ ಯಾರೆಂದು ಊರಿಗೆ ಗೊತ್ತಾಗಬಾರದು; ಹಗಲು ಅವನೊಬ್ಬ ಸಾಮಾನ್ಯ ನೌಕರ. ಮಲಯಾಳದ್ದೇ ಚಿತ್ರ ‘ಮಿನ್ನಲ್ ಮುರಳಿ’ಯ ಜೈಸನ್ ಹಳ್ಳಿಯ ದರ್ಜಿ. ನಮ್ಮಲ್ಲಿ ಹೆಸರಿಗೆ ಮುಂಚೆ ಬಿರುದು, ಬಿರುದಿಗೆ ಮುಂಚೆ ಹೊಗೆ, ಹೊಗೆಗೆ ಮುಂಚೆ ಬೂಟಿನ ಕ್ಲೋಸಪ್. ಕೋಟಿ ಕೊಟ್ಟು ತಂದ ಮುಖವನ್ನು ಬಟ್ಟೆಯಲ್ಲಿ ಮುಚ್ಚಿದರೆ ನಿರ್ಮಾಪಕನಿಗೆ ನಿದ್ದೆ ಬರುವುದಿಲ್ಲ, ಅಭಿಮಾನಿಗಳು ಪರದೆ ಹರಿಯುತ್ತಾರೆ. ಮಲಯಾಳದವರು ‘ಲೋಕಾ’ದಲ್ಲಿ ಕಲ್ಯಾಣಿ ಪ್ರಿಯದರ್ಶನ್ ಅವರನ್ನು ನಡುವೆ ನಿಲ್ಲಿಸಿ ಗೆದ್ದದ್ದು ಈ ರೋಗ ಅವರಿಗೆ ಇನ್ನೂ ಅಷ್ಟಾಗಿ ಅಂಟದ ಕಾರಣಕ್ಕೆ.

ಉಪೇಂದ್ರ ಇಲ್ಲವೆ ಎಂದು ಕೇಳುವವರಿದ್ದಾರೆ. ಇದ್ದಾರೆ, ಅದನ್ನು ಮರೆಯುವಂತಿಲ್ಲ. ರಜನಿಕಾಂತ್ ಅವರ ‘ಎಂದಿರನ್’ಗೆ ಎಂಟು ವರ್ಷ ಮೊದಲೇ, 2002ರ ‘ಹಾಲಿವುಡ್’ನಲ್ಲಿ ಅವರು ರೋಬೋ ಆಗಿದ್ದರು. ಆದರೆ 2024ರ ಡಿಸೆಂಬರಿನ ‘ಯುಐ’ ಹೊತ್ತಿಗೆ ಅವರ ಭವಿಷ್ಯಲೋಕ ಪ್ರೇಕ್ಷಕನನ್ನು ಬೈಯುವ ಭಾಷಣದ ವೇದಿಕೆಯಾಗಿತ್ತು. ನಿಜವಾದ ಉತ್ತರ ಕೊಟ್ಟವರು ‘ಬ್ಲಿಂಕ್’ನ ಶ್ರೀನಿಧಿ ಬೆಂಗಳೂರು. ಕಣ್ಣು ಮಿಟುಕಿಸದೆ ಇರುವಷ್ಟು ಹೊತ್ತು ಮಾತ್ರ ಕಾಲದಲ್ಲಿ ಪ್ರಯಾಣ: ಒಂದು ನಿಯಮ, ಹೆಚ್ಚು ಖರ್ಚಿಲ್ಲ, ತಲೆ ಕೆಡಿಸುವಷ್ಟು ಕಥೆ. 2024ರ ಮಾರ್ಚಿನಲ್ಲಿ ಅದು ತೆರೆಕಂಡಾಗ ಎಷ್ಟು ಜನ ಹೋದಿರಿ? ಒಟಿಟಿಗೆ ಬಂದ ಮೇಲೆ ಹೊಗಳಿದವರಲ್ಲಿ ಬಹುಪಾಲು ಟಿಕೆಟ್ ಕೊಂಡವರಲ್ಲ. ಹಾಗಾಗಿ ತಪ್ಪನ್ನು ಪೂರ್ತಿ ಗಾಂಧಿನಗರದ ತಲೆಗೇ ಕಟ್ಟುವುದು ನ್ಯಾಯವಲ್ಲ.

ನಮಗೆ ಪುರಾಣ, ದೈವಗಳಿರುವಾಗ ಈ ಆಮದು ಸರಕು ಯಾಕೆ ಎನ್ನುವ ವಾದವೂ ಇದೆ. ‘ಲೋಕಾ’ ತನ್ನ ಮಣ್ಣಿನ ಯಕ್ಷಿಯನ್ನೇ ಎತ್ತಿಕೊಂಡಿತಲ್ಲ, ಆಮದು ಮಾಡಿಕೊಂಡದ್ದು ಏನು? ಬೆಂಗಳೂರಿನ ಮನೆಬಾಗಿಲುಗಳ ಮೇಲೆ ಒಂದು ಕಾಲಕ್ಕೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು, ರಾತ್ರಿ ಕದ ತಟ್ಟುವ ದೆವ್ವವನ್ನು ಸಾಗಹಾಕಲು. ಆ ದೆವ್ವ ನಮ್ಮಲ್ಲಿ ಬಾಗಿಲಲ್ಲೇ ನಿಂತಿತು. 2018ರಲ್ಲಿ ಹಿಂದಿಯವರು ಅದನ್ನು ಕರೆದೊಯ್ದು ‘ಸ್ತ್ರೀ’ ಮಾಡಿದರು, ಅದರ ಬೆನ್ನಿಗೆ ಚಿತ್ರಗಳ ಒಂದು ಸರಣಿಯನ್ನೇ ಕಟ್ಟಿಕೊಂಡರು. 2024ರ ‘ಸ್ತ್ರೀ 2’ ಹಿಂದಿಯ ಅತಿ ದೊಡ್ಡ ಗಳಿಕೆಯ ಚಿತ್ರಗಳ ಸಾಲಿಗೆ ಸೇರಿತು. ಕನ್ನಡದ ಬರವಣಿಗೆಗೆ ಇಂಥ ಕಥೆಗಳ ಭಯವೇ ಇಲ್ಲ. ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆಗಳನ್ನೇ ನೆಚ್ಚಿಕೊಂಡು ಬರೆದರು. ತೇಜಸ್ವಿ ಹಾರುವ ಓತಿಯೊಂದನ್ನು ಹುಡುಕುತ್ತ 1980ರಲ್ಲಿ ‘ಕರ್ವಾಲೊ’ ಕೊಟ್ಟರು. ಓದುವ ನಿರ್ಮಾಪಕರು ಬೇಕಷ್ಟೆ.

ಎರಡು ಗಂಟೆ ಮುಖ ಮುಚ್ಚಿಕೊಂಡು ನಟಿಸಲು ಒಪ್ಪುವ ಒಬ್ಬ ಸ್ಟಾರ್ ಕನ್ನಡದಲ್ಲಿದ್ದರೆ ದಯವಿಟ್ಟು ಮುಂದೆ ಬರಲಿ. ಗ್ರಾಫಿಕ್ಸ್ ಗೊತ್ತಿರುವ ಹುಡುಗರು ಇದೇ ಊರಿನಲ್ಲಿ ಕೆಲಸ ಹುಡುಕುತ್ತಿದ್ದಾರೆ.