ಮಾರನ ಚೀನೀ ವೇಷ

ಚೀನೀ ಲಿಪಿಯನ್ನು ಚಿತ್ರಲಿಪಿಯೆಂದು ಕರೆದು ಕೈತೊಳೆದುಕೊಳ್ಳುವುದು ನಮ್ಮಲ್ಲಿ ರೂಢಿ. ಆದರೆ ಅದರ ಬಹುಪಾಲು ಅಕ್ಷರಗಳು ಚಿತ್ರಗಳಲ್ಲ. ಒಂದು ಭಾಗದಿಂದ ಅರ್ಥವನ್ನೂ ಇನ್ನೊಂದು ಭಾಗದಿಂದ ಉಚ್ಚಾರಣೆಯನ್ನೂ ಸೂಚಿಸುವ ಜೋಡಣೆಗಳು. ಇದಕ್ಕೆ ನಾನು ಕೊಡಬಯಸುವ ನಿದರ್ಶನ ನಮಗೆ ಪರಕೀಯವಾದುದಲ್ಲ. ಬೋಧಿವೃಕ್ಷದಡಿ ಕುಳಿತ ಸಿದ್ಧಾರ್ಥನನ್ನು ಕದಲಿಸಬಂದ ಮಾರನಿಗಾಗಿಯೇ ಚೀನೀಯರು ಕಲ್ಪಿಸಿಕೊಂಡ ಅಕ್ಷರ ಅದು.

ಬೌದ್ಧಗ್ರಂಥಗಳನ್ನು ಚೀನೀ ಭಾಷೆಗೆ ತಂದವರಿಗೆ ಈ ಹೆಸರು ತೊಡಕಾಯಿತು. ಮಾರನು ಮೃತ್ಯು, ಕಾಮ, ಸಾಧಕನ ದಾರಿಗೆ ಅಡ್ಡಬರುವುದೆಲ್ಲವೂ ಹೌದು. ಇಂಥವನಿಗೆ ಸಮನಾದ ದೇಶೀಯ ಶಬ್ದ ದೊರೆಯದೆ ಅವರು ದನಿಯನ್ನೇ ಎರವಲು ಪಡೆದರು. ಮೊದಲು ಇದನ್ನು ಅರೆಯುವ ಕಲ್ಲಿನ ಅಕ್ಷರದಿಂದ ಬರೆಯುತ್ತಿದ್ದರೆಂದೂ, ಲಿಯಾಂಗ್ ವಂಶದ ವೂ ಚಕ್ರವರ್ತಿ (ಆಳ್ವಿಕೆ ೫೦೨–೫೪೯) ಕಲ್ಲನ್ನು ತೆಗೆದು ಆ ಸ್ಥಳದಲ್ಲಿ ಪಿಶಾಚಿಯನ್ನು ಇರಿಸಿದನೆಂದೂ ಚೀನೀ ಪರಂಪರೆಯ ಹೇಳಿಕೆ. ಕಥೆ ದಿಟವಿರಲಿ ಬಿಡಲಿ, ಅಕ್ಷರದ ಕಟ್ಟಂತೂ ಹಾಗಿದೆ: ಮೇಲೆ ದನಿಗಾಗಿ ಭಂಗಿಯ ಗಿಡ, ಕೆಳಗೆ ಅರ್ಥಕ್ಕಾಗಿ ಪಿಶಾಚಿ. (ಭಂಗಿಗೂ ಮಾರನಿಗೂ ನಂಟು ಹುಡುಕುವ ರಸಿಕರು ನಿರಾಶರಾಗಬೇಕು, ಗಿಡ ಅಲ್ಲಿ ಬಂದಿರುವುದು ಬರಿಯ ಉಚ್ಚಾರಣೆಯ ಚಾಕರಿಗೆ.) ‘ರ’ಕಾರ ಕ್ರಮೇಣ ಉದುರಿ ಒಂದೇ ಅಕ್ಷರ ಉಳಿಯಿತು.

ಇಂದಿನ ಚೀನೀಯಲ್ಲಿ ಅದು ‘ಮೋ’. ಗಾರುಡಿಗನ ಆಟ ‘ಮೋಶು’, ಎಂದರೆ ಮಾರನ ಕಲೆ. ಜಪಾನಿನಲ್ಲಿ ಅದು ‘ಮ’. ಅಲ್ಲಿಯ ಬಾಳು ಇನ್ನೂ ಸ್ವಾರಸ್ಯಕರ. ಸಜ್ಜನನೊಬ್ಬ ಗಳಿಗೆಯ ಮರುಳಿನಲ್ಲಿ ತಪ್ಪೆಸಗಿದರೆ ಅವನೊಳಗೆ ‘ಮ’ ಹೊಕ್ಕಿತೆನ್ನುತ್ತಾರೆ. ಬಿಸಿನೀರಿನ ಥರ್ಮಾಸ್ ಅವರಿಗೆ ‘ಮಹೋಬಿನ್’, ಮಾರವಿದ್ಯೆಯ ಸೀಸೆ! ಸಾಧನೆಗೆ ವಿಘ್ನ ತರುವ ದುಷ್ಟ ಮಾರನಿಗೆ ಸಲ್ಲುತ್ತಿದ್ದ ‘ಜಾಮ’ ಎಂಬ ಸಮಾಸ ಇಂದು ಯಾವುದೇ ಅಡ್ಡಿಗೂ ಹೆಸರು. ಪರರ ಮನೆಯ ಹೊಸ್ತಿಲು ದಾಟುವ ಅತಿಥಿ ‘ಓಜಾಮ ಶಿಮಸು’ ಎನ್ನುತ್ತಾನೆ. ನಿಮಗೆ ತೊಂದರೆ ಕೊಡುತ್ತಿದ್ದೇನೆ ಎಂಬ ಆ ವಿನಯೋಕ್ತಿಯಲ್ಲಿ ಮಾರನು ಕೈಮುಗಿದು ನಿಂತಿದ್ದಾನೆ. ೧೯೨೪ರಲ್ಲಿ ಮುರಮತ್ಸು ಶೋಫು ಎಂಬ ಜಪಾನೀ ಲೇಖಕ ಶಾಂಘೈ ಕುರಿತ ತನ್ನ ಪುಸ್ತಕಕ್ಕೆ ‘ಮಾರನ ನಗರ’ ಎಂಬರ್ಥದ ಹೆಸರಿಟ್ಟ. ಈಗ ಚೀನೀಯರೇ ಆ ನಗರವನ್ನು ಅಕ್ಕರೆಯಿಂದ ಹಾಗೆ ಕರೆಯುತ್ತಾರೆ. ವಿಯೆಟ್ನಾಮಿನಲ್ಲಿ ‘ಮ’ ಎಂದರೆ ಬರಿಯ ದೆವ್ವ. ಆ ದೇಶ ರೋಮನ್ ಲಿಪಿಯನ್ನು ಹಿಡಿದಿದೆ, ಕೊರಿಯಕ್ಕೆ ತನ್ನದೇ ಹಂಗುಲ್ ಲಿಪಿ ಇದೆ; ದಿನಬಳಕೆಯ ಬರಹದಿಂದ ಪಿಶಾಚಿಯ ಗುರುತು ಮರೆಯಾದರೂ ಶಬ್ದ ಹೋಗಲಿಲ್ಲ.

ನಮ್ಮಲ್ಲಿ ಏನಾಯಿತು? ಅಮರಕೋಶದಲ್ಲಿ ಬುದ್ಧನಿಗೆ ಮಾರಜಿತ್ ಎಂಬ ಹೆಸರಿದೆ, ಮನ್ಮಥನಿಗೆ ಮಾರನೆಂಬ ಹೆಸರಿದೆ. ಕನ್ನಡ ಕಾವ್ಯ ಎರಡನೆಯವನನ್ನು ಬಾಯ್ತುಂಬ ಕರೆಯಿತು. ಶಬ್ದದ ರೂಪ ಎಳ್ಳಷ್ಟೂ ಕೆಡಲಿಲ್ಲ; ಆದರೆ ಹೂಬಾಣದ ಮಾರನನ್ನು ಬಲ್ಲ ವಿದ್ಯಾರ್ಥಿಗೆ ವಿಘ್ನರೂಪಿಯಾದ ಮಾರ ಅಪರಿಚಿತ. ಅರ್ಧ ದನಿಯನ್ನು ಕಳೆದುಕೊಂಡ ಪರದೇಶದ ಮಾರನಾದರೋ ಆ ಹಳೆಯ ಅರ್ಥದ ಎಳೆಯನ್ನು ಮನೆಬಾಗಿಲವರೆಗೆ ಕಾಪಾಡಿಕೊಂಡು ಬಂದಿದ್ದಾನೆ. ಹೀಗಿರುತ್ತ, ರೂಪ ಕೆಡದ ತತ್ಸಮವೇ ಶುದ್ಧ, ತದ್ಭವವೆಲ್ಲ ಕೆಟ್ಟ ಮಾತು ಎಂಬ ಭಾವನೆಯನ್ನು ತರಗತಿಗಳಲ್ಲಿ ಇನ್ನೂ ಬೆಳೆಸುವುದು ನನಗೆ ಒಪ್ಪಿಗೆಯಾಗದು. ಪ್ರಶ್ನಪತ್ರಿಕೆಯಲ್ಲಿ ‘ತದ್ಭವ ಬರೆಯಿರಿ’ ಎಂಬುದರ ಕೆಳಗೆ, ಆ ಶಬ್ದದ ಅರ್ಥ ಎಲ್ಲಿ ಹೊರಳಿತೆಂದು ಕೇಳುವ ಇನ್ನೊಂದು ಪ್ರಶ್ನೆಗೆ ಐದು ಅಂಕವನ್ನಾದರೂ ಪರೀಕ್ಷಕಮಂಡಲಿಗಳು ಮೀಸಲಿಡಬೇಕು.